ಹರಳೆಣ್ಣೆ ಹೈಡ್ರೋಜನೇಶನ್: 50 ಲೀಟರ್‌ನಲ್ಲಿ ಎರಡೂವರೆ ಗಂಟೆ, 5 ಟನ್‌ನಲ್ಲಿ ಏಳು ಗಂಟೆ. ಎಲ್ಲಿ ತಪ್ಪುತ್ತಿದೆ?

ಔಡಲಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಕಡೆಯವನು. ಈಗ ಉತ್ತರ ಗುಜರಾತಿನ ಒಂದು ಸಣ್ಣ ಘಟಕದಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೇನೆ. ಹರಳೆಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮೇಣ ಮಾಡುತ್ತೇವೆ, ಅದು ಗ್ರೀಸ್ ಮಾಡುವವರಿಗೆ ಹೋಗುತ್ತದೆ.

ಪೈಲಟ್‌ನಲ್ಲಿ, ಅಂದರೆ ಪ್ರಯೋಗದ ಸಣ್ಣ ಘಟಕದಲ್ಲಿ, 50 ಲೀಟರ್ ಆಟೋಕ್ಲೇವ್ (ಪ್ರೆಶರ್ ತಡೆಯುವ ಮುಚ್ಚಿದ ಪಾತ್ರೆ) ಇದೆ. 140 ಡಿಗ್ರಿ, 5 ಬಾರ್, ನಿಕಲ್ ಕ್ಯಾಟಲಿಸ್ಟ್ ಪುಡಿ 0.2%. ಎರಡೂವರೆ ಗಂಟೆಗೆ ಅಯೋಡಿನ್ ವ್ಯಾಲ್ಯೂ (ಹೈಡ್ರೋಜನ್ ಸೇರಬೇಕಾದ ಡಬಲ್ ಬಾಂಡ್ ಎಣ್ಣೆಯಲ್ಲಿ ಎಷ್ಟು ಉಳಿದಿದೆ ಅನ್ನುವ ಅಳತೆ) 85ರಿಂದ 3ಕ್ಕೆ ಬರುತ್ತದೆ. ಹೈಡ್ರಾಕ್ಸಿಲ್ ವ್ಯಾಲ್ಯೂ (ಎಣ್ಣೆಯಲ್ಲಿರುವ OH ಗುಂಪುಗಳ ಅಳತೆ) 158, ಬಣ್ಣವೂ ಚೆನ್ನಾಗಿರುತ್ತದೆ. ಅದೇ ಎಣ್ಣೆ, ಅದೇ ಕ್ಯಾಟಲಿಸ್ಟ್, ಅದೇ ಟೆಂಪರೇಚರ್, ಅದೇ ಪ್ರೆಶರ್ ಇಟ್ಟು ದೊಡ್ಡ ರಿಯಾಕ್ಟರ್‌ನಲ್ಲಿ 5 ಟನ್ ಹಾಕಿದರೆ ಏಳು ಗಂಟೆ ಹಿಡಿಯುತ್ತದೆ. ಹೈಡ್ರಾಕ್ಸಿಲ್ 147ಕ್ಕೆ ಇಳಿದಿರುತ್ತದೆ. ಹೋದ ತಿಂಗಳು ಎರಡು ಲಾಟ್ ವಾಪಸ್ ಬಂತು.

ಮಾಲೀಕರು ಕ್ಯಾಟಲಿಸ್ಟ್ ಡಬಲ್ ಮಾಡು ಅಂತಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ, ಆದರೆ ಯಾಕೆ ಅಂತ ಅವರಿಗೆ ಬಿಡಿಸಿ ಹೇಳೋಕೂ ಆಗುತ್ತಿಲ್ಲ. ದಯವಿಟ್ಟು ದಾರಿ ತೋರಿಸಿ.

ಗಾಣದಮನೆ

ಎಣ್ಣೆ ನೋಡಿ ಮೊದಲು. ನಮ್ಮದು ಚಳ್ಳಕೆರೆಯಲ್ಲಿ ಮೂರು ತಲೆಮಾರಿನ ಎಣ್ಣೆ ಮಿಲ್ಲು, ಕಡಲೆಕಾಯಿ ಎಣ್ಣೆ. ಹೈಡ್ರೋಜನ್ ವಿಷಯ ನನಗೆ ಗೊತ್ತಿಲ್ಲ, ಆದರೆ ಅಂಟು ಸರಿಯಾಗಿ ತೆಗೆಯದ ಎಣ್ಣೆ ಮುಂದೆ ಎಲ್ಲಿಗೆ ಹೋದರೂ ಕಾಟ ಕೊಡುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು.

ಕೆಮಿಸ್ಟಕ್ಕ

ನಿಮ್ಮ ತಂದೆಯವರು ಹೇಳಿದ್ದು ಸರಿ. ರಂಜಕ ಇರುವ ಅಂಟು, ಸೋಪು, ಗಂಧಕ, ತೇವ ಎಲ್ಲವೂ ನಿಕಲ್‌ಗೆ ವಿಷ. ಸಾಸಿವೆ ಎಣ್ಣೆ ಗಟ್ಟಿ ಮಾಡೋದು ಕಷ್ಟ ಆಗೋದು ಅದರಲ್ಲಿರುವ ಗಂಧಕದಿಂದಲೇ. ಆದರೆ ಈ ಹುಡುಗ ಅದೇ ಎಣ್ಣೆ ಪೈಲಟ್‌ನಲ್ಲಿ ಚೆನ್ನಾಗಿ ಬರುತ್ತೆ ಅಂತಿದ್ದಾನಲ್ಲ? ಎಣ್ಣೆಯಲ್ಲಿ ವಿಷ ಇದ್ದಿದ್ದರೆ ಎರಡೂ ಕಡೆ ನಿಧಾನ ಆಗಬೇಕಿತ್ತು.

ತಮ್ಮಾ, ಗಂಟೆಗೊಂದು ಸ್ಯಾಂಪಲ್ ತೆಗೆದು ಅಯೋಡಿನ್ ವ್ಯಾಲ್ಯೂ ನೋಡಿದ್ದೀಯಾ? ಆ ಅಂಕಿ ಹಾಕು. ಕೊನೆಯ ರಿಪೋರ್ಟ್ ಒಂದನ್ನೇ ನೋಡಿದರೆ ಏನೂ ಗೊತ್ತಾಗಲ್ಲ.

ಔಡಲಹುಡುಗ

ಇದೆ ಅಕ್ಕಾ. ಶುರುವಿಗೆ 85. ಆಮೇಲೆ ಗಂಟೆಗೊಮ್ಮೆ 67, 49, 32, 19, 11, 6. ಏಳನೇ ಗಂಟೆಗೆ 3.

ಸುಳಿಗಾಳಿ

ಈ ಅಂಕಿ ನೋಡಿದ ಮೇಲೆ ನನಗೆ ಅನುಮಾನವೇ ಇಲ್ಲ. ಮೊದಲ ಮೂರು ಗಂಟೆ ಹೆಚ್ಚುಕಮ್ಮಿ ಗೆರೆ ಎಳೆದ ಹಾಗೆ ಒಂದೇ ವೇಗದಲ್ಲಿ ಇಳಿದಿದೆ. ಡಬಲ್ ಬಾಂಡ್ ಅರ್ಧಕ್ಕಿಂತ ಕಮ್ಮಿ ಆದರೂ ವೇಗ ಬದಲಾಗಿಲ್ಲ ಅಂದರೆ ಏನರ್ಥ? ವೇಗ ನಿರ್ಧಾರ ಮಾಡ್ತಿರೋದು ಎಣ್ಣೆಯೂ ಅಲ್ಲ, ನಿಕಲ್ಲೂ ಅಲ್ಲ. ಗ್ಯಾಸು ಎಣ್ಣೆಯೊಳಗೆ ಕರಗುವ ವೇಗವೇ ನಿಮ್ಮ ಬ್ಯಾಚಿನ ವೇಗ.

ನಾನು ಪೀಣ್ಯದಲ್ಲಿ ಮಿಕ್ಸರ್, ಆಜಿಟೇಟರ್ (ಕಲಕುವ ಯಂತ್ರ) ಡಿಸೈನ್ ಮಾಡುವವನು. ಹೇಳಿ: ಮೋಟಾರು ಎಷ್ಟು ಕಿಲೋವ್ಯಾಟ್, ವೆಸೆಲ್ ವ್ಯಾಸ ಎಷ್ಟು, ಇಂಪೆಲ್ಲರ್ (ಕಲಕುವ ಬ್ಲೇಡಿನ ಚಕ್ರ) ಎಷ್ಟಿವೆ, ಎಲ್ಲೆಲ್ಲಿವೆ?

ಔಡಲಹುಡುಗ

ಪೈಲಟ್‌ಗೆ 0.75 ಕಿಲೋವ್ಯಾಟ್. ದೊಡ್ಡದಕ್ಕೆ 15. ವ್ಯಾಸ 1.6 ಮೀಟರ್, ಒಟ್ಟು 8 ಘನ ಮೀಟರ್. ಇಂಪೆಲ್ಲರ್ ಎರಡು. ಕೆಳಗೆ ಚಪ್ಪಟೆ ಬ್ಲೇಡಿನದ್ದು, ಮೇಲೆ ಓರೆ ಬ್ಲೇಡಿನದ್ದು. ಇದು ಮುಚ್ಚಿಹೋದ ಒಂದು ವನಸ್ಪತಿ ಕಾರ್ಖಾನೆಯಿಂದ ತಂದ ಸೆಕೆಂಡ್ ಹ್ಯಾಂಡ್ ವೆಸೆಲ್. ಒಳಗೆ ಕೂಲಿಂಗ್ ಕಾಯಿಲ್ ಇದೆ, ಕೆಳಗೆ ಗ್ಯಾಸ್ ಬಿಡುವ ರಿಂಗ್ ಇದೆ.

ಲೂಪ್‌ಪ್ರಿಯ

50 ಲೀಟರ್‌ಗೆ 0.75 ಅಂದರೆ ಘನ ಮೀಟರಿಗೆ 15 ಕಿಲೋವ್ಯಾಟ್. ದೊಡ್ಡದರಲ್ಲಿ 5 ಟನ್ ಹರಳೆಣ್ಣೆ ಬಿಸಿಯಲ್ಲಿ 5.7 ಘನ ಮೀಟರ್ ಆಗುತ್ತೆ, ಅಲ್ಲಿಗೆ ಘನ ಮೀಟರಿಗೆ 2.6. ಆರು ಪಟ್ಟು ವ್ಯತ್ಯಾಸ! ಆ ಪೈಲಟ್ ನಿಮಗೆ ಮೊದಲ ದಿನದಿಂದಲೂ ಇಲ್ಲದ ಆಸೆ ಹುಟ್ಟಿಸಿದೆ.

ನಾನು ಜರ್ಮನಿಯಲ್ಲಿ ಇದೇ ಕ್ಷೇತ್ರದಲ್ಲಿದ್ದೇನೆ. ಇಂಥದ್ದಕ್ಕೆ ಸರಿಯಾದ ಉತ್ತರ ಲೂಪ್ ರಿಯಾಕ್ಟರ್. ಸ್ವಿಸ್ ಕಂಪನಿ ಬುಸ್ ಹೆಸರು ಮಾಡಿದ್ದು ಇದರಿಂದಲೇ. ಎಣ್ಣೆಯನ್ನು ಪಂಪಿನಿಂದ ಎಳೆದು, ಹೊರಗಿನ ಹೀಟ್ ಎಕ್ಸ್‌ಚೇಂಜರ್ ಮೂಲಕ ಹಾಯಿಸಿ, ಮೇಲಿನ ನಾಝಲ್‌ನಿಂದ ಜೋರಾಗಿ ಚಿಮ್ಮಿಸುತ್ತಾರೆ. ಆ ಧಾರೆ ಮೇಲಿನ ಗ್ಯಾಸನ್ನು ಎಳೆದುಕೊಂಡು ಸಣ್ಣ ಸಣ್ಣ ಗುಳ್ಳೆ ಮಾಡಿ ಎಣ್ಣೆಗೆ ಇಳಿಸುತ್ತದೆ. ಕೂಲಿಂಗ್ ಹೊರಗಿರೋದರಿಂದ ವೆಸೆಲ್ ದೊಡ್ಡದಾದರೂ ತಲೆನೋವಿಲ್ಲ.

ಹಳೇಪ್ಲಾಂಟ್

ಸ್ವಾಮಿ, ಸಣ್ಣ ಘಟಕದ ಹುಡುಗನಿಗೆ ಲೂಪ್ ರಿಯಾಕ್ಟರ್ ಕೊಳ್ಳು ಅಂದರೆ ಏನು ಪ್ರಯೋಜನ? ಪಂಪಿನಲ್ಲಿ ನಿಕಲ್ ಪುಡಿ ಓಡಾಡಿ ಸೀಲು ಸವೆಯುವುದನ್ನು ಯಾರು ನೋಡಿಕೊಳ್ಳುತ್ತಾರೆ? ಕಲಕುವ ಆಟೋಕ್ಲೇವ್‌ನಲ್ಲೇ ನಾವು ಇಪ್ಪತ್ತೆಂಟು ವರ್ಷ ವನಸ್ಪತಿ ಮಾಡಿದ್ದೇವೆ.

ಹುಡುಗಾ, ನನ್ನದೊಂದೇ ಪ್ರಶ್ನೆ. ಆ ವೆಸೆಲ್ ಹಳೇ ಕಾರ್ಖಾನೆಯಲ್ಲಿದ್ದಾಗ ಒಂದು ಬ್ಯಾಚಿಗೆ ಎಷ್ಟು ಟನ್ ಎಣ್ಣೆ ಚಾರ್ಜ್ ಮಾಡುತ್ತಿದ್ದರು (ತುಂಬುತ್ತಿದ್ದರು)?

ಲೂಪ್‌ಪ್ರಿಯ

ಸರ್, ಇವತ್ತೇ ಕೊಳ್ಳಿ ಅಂತ ಹೇಳಿಲ್ಲ. ಮುಂದೆ ಘಟಕ ದೊಡ್ಡದು ಮಾಡುವಾಗ ಮತ್ತೊಂದು ಸೆಕೆಂಡ್ ಹ್ಯಾಂಡ್ ವೆಸೆಲ್ ತರಬೇಡಿ ಅಂತ ಅಷ್ಟೇ. ಸೀಲ್ ವಿಷಯ ಒಪ್ಪುತ್ತೇನೆ.

ಮೈಸೂರುಪಾಕ

ನಾನು ಈ ಕ್ಷೇತ್ರದವಳಲ್ಲ, ಆದರೂ ಓದುತ್ತಿದ್ದೇನೆ. ವನಸ್ಪತಿ ಅಂದರೆ ಡಾಲ್ಡಾ ತಾನೇ? ನಮ್ಮಜ್ಜಿ ಮನೆಯಲ್ಲಿ ಹಳದಿ ಡಾಲ್ಡಾ ಡಬ್ಬದಲ್ಲಿ ತುಳಸಿ ಗಿಡ ಇತ್ತು. ಅದನ್ನೂ ಹೀಗೇ ರಿಯಾಕ್ಟರ್‌ನಲ್ಲಿ ಮಾಡ್ತಿದ್ರಾ?

ಹಳೇಪ್ಲಾಂಟ್

ಹೌದಮ್ಮ. ಡಾಲ್ಡಾ ಹೆಸರು ಬಂದಿದ್ದು 1937ರಲ್ಲಿ. ಅದಕ್ಕೂ ಮುಂಚೆ ಅಮೆರಿಕದಲ್ಲಿ 1911ರಲ್ಲಿ ಹತ್ತಿಬೀಜದ ಎಣ್ಣೆಯಿಂದ ಕ್ರಿಸ್ಕೋ ಬಂದಿತ್ತು. ಎಲ್ಲಕ್ಕೂ ಮೂಲ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್. ಫ್ರೆಂಚ್ ರಸಾಯನ ವಿಜ್ಞಾನಿ ಸಬಾಟಿಯೆ ಅನಿಲ ರೂಪದಲ್ಲಿ ಮಾಡಿದ್ದನ್ನು ಇವರು ದ್ರವ ಎಣ್ಣೆಯಲ್ಲೇ ಮಾಡಿ ತೋರಿಸಿ 1902ರಲ್ಲಿ ಪೇಟೆಂಟ್ ತೆಗೆದುಕೊಂಡರು. ಎಣ್ಣೆ, ನಿಕಲ್ ಪುಡಿ, ಹೈಡ್ರೋಜನ್, ಕಲಕುವ ಪಾತ್ರೆ. ಅವತ್ತಿನಿಂದ ಇವತ್ತಿನವರೆಗೂ ಮೂಲ ಸಾಮಾನು ಅಷ್ಟೇ.

ಮೈಸೂರುಪಾಕ

ಮತ್ತೆ ಅದರಲ್ಲಿ ಟ್ರಾನ್ಸ್ ಫ್ಯಾಟ್ ಬಂದಿದ್ದು ಹೇಗೆ? ಮೊದಲೇ ಗೊತ್ತಿರಲಿಲ್ವಾ?

ತುಂಗಾತೀರ

ಇದು ವಿಷಯಾಂತರ ಅಲ್ಲ, ಔಡಲಹುಡುಗನ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧ ಇದೆ. ನಾನು ಕೆಮಿಕಲ್ ಎಂಜಿನಿಯರಿಂಗ್ ಪಾಠ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ನಿಕಲ್ ಮೇಲೆ ಡಬಲ್ ಬಾಂಡ್ ಬಂದು ಕೂರುತ್ತದೆ. ಅದಕ್ಕೆ ಮೊದಲು ಒಂದು ಹೈಡ್ರೋಜನ್ ಪರಮಾಣು ಸೇರುತ್ತದೆ. ಈಗ ಅದು ಅರ್ಧ ದಾರಿಯಲ್ಲಿದೆ. ಪಕ್ಕದಲ್ಲಿ ಇನ್ನೊಂದು ಹೈಡ್ರೋಜನ್ ಸಿಕ್ಕರೆ ಕೆಲಸ ಮುಗೀತು. ಸಿಗದಿದ್ದರೆ ಅದು ಹಿಂದಕ್ಕೆ ತಿರುಗಿ ಒಂದು ಹೈಡ್ರೋಜನ್ ಬಿಟ್ಟುಕೊಟ್ಟು ಮತ್ತೆ ಡಬಲ್ ಬಾಂಡ್ ಆಗುತ್ತದೆ. ಆದರೆ ವಾಪಸ್ ಬರುವಾಗ ಮೊದಲಿದ್ದ ರೂಪದಲ್ಲೇ ಬರಬೇಕು ಅಂತೇನಿಲ್ಲ. ಹಲವು ಸಲ ತಿರುಚಿಕೊಂಡು ಟ್ರಾನ್ಸ್ ಆಗಿ ಬರುತ್ತದೆ. ಅಂದರೆ ನಿಕಲ್ ಹಸಿದಷ್ಟೂ ಟ್ರಾನ್ಸ್ ಜಾಸ್ತಿ. ಹಸಿವು ಯಾವಾಗ? ಟೆಂಪರೇಚರ್ ಜಾಸ್ತಿ, ಪ್ರೆಶರ್ ಕಮ್ಮಿ, ಕ್ಯಾಟಲಿಸ್ಟ್ ಜಾಸ್ತಿ, ಕಲಕುವುದು ಕಮ್ಮಿ ಇದ್ದಾಗ.

ಹರಳೆಣ್ಣೆಯನ್ನು ಪೂರ್ತಿ ಗಟ್ಟಿ ಮಾಡುವುದರಿಂದ ಟ್ರಾನ್ಸ್ ಚಿಂತೆ ಇಲ್ಲ. ಆದರೆ ಅದರ ಸರಪಳಿಯಲ್ಲಿ ಒಂದು ಹೈಡ್ರಾಕ್ಸಿಲ್ ಇದೆ, ಗ್ರೀಸ್‌ನವರು ದುಡ್ಡು ಕೊಡುವುದೇ ಅದಕ್ಕೆ. ಹಸಿದ ನಿಕಲ್ ಹೈಡ್ರೋಜನ್ ಸಿಗದಾಗ ಆ ಹೈಡ್ರಾಕ್ಸಿಲ್‌ನಿಂದಲೇ ಹೈಡ್ರೋಜನ್ ಕಿತ್ತುಕೊಂಡು ಅದನ್ನು ಕೀಟೋನ್ ಮಾಡಿಬಿಡುತ್ತದೆ. ಬಿಸಿಯಲ್ಲಿ ಜಾಸ್ತಿ ಹೊತ್ತು ನಿಂತರೆ ನೀರಿನ ಅಣುವಾಗಿಯೂ ಕಳಚಿ ಹೋಗುತ್ತದೆ. ನಿನ್ನ 147 ಬಂದಿದ್ದು ಹೀಗೆ. ಈಗ ಮಾಲೀಕರು ಹೇಳಿದ ಹಾಗೆ ಕ್ಯಾಟಲಿಸ್ಟ್ ಡಬಲ್ ಮಾಡಿದರೆ ಏನಾಗುತ್ತೆ ಯೋಚಿಸು. ಊಟ ಅಷ್ಟೇ ಇದೆ, ಉಣ್ಣುವವರು ಎರಡು ಪಟ್ಟು ಆದರು. ಬ್ಯಾಚು ಬೇಗ ಆಗಲ್ಲ, ಹೈಡ್ರಾಕ್ಸಿಲ್ ಇನ್ನೂ ಇಳಿಯುತ್ತದೆ.

ಔಡಲಹುಡುಗ

ಸರ್, ಇದನ್ನೇ ನಾಳೆ ಅವರಿಗೆ ಓದಿ ಹೇಳುತ್ತೇನೆ. ತುಂಬಾ ಧನ್ಯವಾದ.

ಹಳೇಪ್ಲಾಂಟ್

ಮೇಷ್ಟ್ರು ಸರಿಯಾಗಿ ಹೇಳಿದರು, ಒಂದು ಮಾತು ಸೇರಿಸುತ್ತೇನೆ. ಆ ಕಾಲದಲ್ಲಿ ನಮಗೆ ಟ್ರಾನ್ಸ್ ಬೇಕಾಗಿತ್ತು! ಅದು ಹೃದಯಕ್ಕೆ ಕೆಟ್ಟದ್ದು ಅಂತ ಪ್ಲಾಂಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ಟಿಯರಿಕ್ ಆಮ್ಲ 69 ಡಿಗ್ರಿಯಲ್ಲಿ ಕರಗುತ್ತದೆ, ಜಾಸ್ತಿ ಇದ್ದರೆ ಬಾಯಲ್ಲಿ ಮೇಣದ ಹಾಗೆ ಅಂಟುತ್ತದೆ. ಟ್ರಾನ್ಸ್ ರೂಪದ್ದು 45 ಡಿಗ್ರಿ ಆಸುಪಾಸು. ಅದು ಸಾಕಷ್ಟಿದ್ದರೆ ವನಸ್ಪತಿ ಕೋಣೆಯಲ್ಲಿ ಗಟ್ಟಿ, ಬಾಯಲ್ಲಿ ನೀರು. ಹಾಗಾಗಿ ಬಿಸಿ ಏರಿಸಿ, ಪ್ರೆಶರ್ ಇಳಿಸಿ ಬೇಕಂತಲೇ ಹಾಗೆ ಓಡಿಸುತ್ತಿದ್ದೆವು. ಇವತ್ತು ನೆನೆದರೆ ಸಂಕಟ ಆಗುತ್ತದೆ. ನಮ್ಮ ಮನೆಯಲ್ಲೂ ಅದನ್ನೇ ತಿಂದಿದ್ದೇವೆ.

ಕೆಮಿಸ್ಟಕ್ಕ

ಈಗ ಟ್ರಾನ್ಸ್ ಫ್ಯಾಟ್ ಮಿತಿಯ ಕಾನೂನು ನಮ್ಮ ದೇಶದಲ್ಲಿ ಬಿಗಿಯಾಗಿದೆ. 2021ರಲ್ಲಿ 3%, 2022ರ ಜನವರಿಯಿಂದ 2% ಮಾತ್ರ. ಅರೆಬರೆ ಗಟ್ಟಿ ಮಾಡಿದ ಎಣ್ಣೆ ಆ ಮಿತಿಯೊಳಗೆ ಬರೋದು ಬಹಳ ಕಷ್ಟ. ಅದಕ್ಕೇ ಈಗ ತಾಳೆ ಎಣ್ಣೆಯ ಗಟ್ಟಿ ಭಾಗ, ಇಲ್ಲವೇ ಪೂರ್ತಿ ಗಟ್ಟಿ ಮಾಡಿದ ಎಣ್ಣೆಯನ್ನು ದ್ರವ ಎಣ್ಣೆ ಜೊತೆ ಸೇರಿಸಿ ಕೊಬ್ಬಿನಾಮ್ಲಗಳನ್ನು ಅದಲುಬದಲು ಮಾಡುವ ವಿಧಾನಕ್ಕೆ ಹೋಗಿದ್ದಾರೆ.

ವನಸ್ಪತಿಯಲ್ಲಿ 5% ಎಳ್ಳೆಣ್ಣೆ ಇರಲೇಬೇಕು ಅಂತ ನಿಯಮ ಇತ್ತು, ಯಾಕೆ ಗೊತ್ತಾ? ತುಪ್ಪಕ್ಕೆ ಯಾರಾದರೂ ವನಸ್ಪತಿ ಬೆರೆಸಿದರೆ ಫರ್‌ಫ್ಯೂರಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಅಲ್ಲಾಡಿಸಿದರೆ ಸಾಕು, ಎಳ್ಳೆಣ್ಣೆಯಿಂದ ಕೆಂಪಾಗಿಬಿಡುತ್ತದೆ. ನಾನು ಲ್ಯಾಬಿಗೆ ಸೇರಿದ ಮೊದಲ ವಾರ ಕಲಿತ ಟೆಸ್ಟ್ ಅದು.

ಗಾಣದಮನೆ

ಅಕ್ಕ, ಇದು ನನಗೆ ಗೊತ್ತೇ ಇರಲಿಲ್ಲ. ಎಳ್ಳಿನ ವ್ಯಾಪಾರ ಮಾಡಿದ ಮನೆಯವನು ನಾನು.

ಕಾಫಿತೋಟ

ಇಷ್ಟು ಚರ್ಚೆ ಯಾಕೆ, ಹೈಡ್ರೋಜನ್ ಸಪ್ಲೈ ಸಾಲುತ್ತಿಲ್ಲ ಅನ್ಸುತ್ತೆ. ಸಿಲಿಂಡರ್ ಬ್ಯಾಂಕಿನ ರೆಗ್ಯುಲೇಟರ್ ಚಿಕ್ಕದಿರಬೇಕು.

ಸುಳಿಗಾಳಿ

ಲೆಕ್ಕ ಹಾಕೋಣ. ಒಂದು ಟನ್ ಎಣ್ಣೆಗೆ ಅಯೋಡಿನ್ ವ್ಯಾಲ್ಯೂ ಒಂದು ಇಳಿಯಲು 0.88 ಘನ ಮೀಟರ್ ಹೈಡ್ರೋಜನ್ ಬೇಕು. 82 ಇಳಿಸಬೇಕು, 5 ಟನ್ ಇದೆ. 362 ಘನ ಮೀಟರ್ ಆಯಿತು. ಸಿಲಿಂಡರಿಗೆ 7 ಅಂದರೂ ಬ್ಯಾಚಿಗೆ 50ರ ಮೇಲೆ ಸಿಲಿಂಡರ್. ಸಣ್ಣ ಪ್ರಮಾಣವಲ್ಲ. ಆದರೆ ಸಪ್ಲೈ ಸಾಲದಿದ್ದರೆ ವೆಸೆಲ್ ಪ್ರೆಶರ್ ಬೀಳಬೇಕು. ಬೀಳುತ್ತಾ?

ಔಡಲಹುಡುಗ

ಇಲ್ಲ. ಗೇಜ್ ಶುರುವಿನಿಂದ ಕೊನೆವರೆಗೂ 5ರಲ್ಲೇ ನಿಂತಿರುತ್ತದೆ. ಹಳೇಪ್ಲಾಂಟ್ ಸರ್, ಕೇಳಿದಿರಲ್ಲ, ಹಳೇ ಡ್ರಾಯಿಂಗ್ ಸಿಕ್ಕಿತು. ಅಲ್ಲಿ ಚಾರ್ಜ್ 4 ಟನ್ ಅಂತ ಇದೆ. ಔಟ್‌ಪುಟ್ ಜಾಸ್ತಿ ಬೇಕು ಅಂತ ನಮ್ಮಲ್ಲಿ 5 ಟನ್ ಮಾಡಿದ್ದಾರೆ.

ಹಳೇಪ್ಲಾಂಟ್

ಸಿಕ್ಕಿತಲ್ಲ!

ಹುಡುಗಾ, ಆ ಮೇಲಿನ ಇಂಪೆಲ್ಲರ್ ಅಲ್ಲಿರುವುದು ಸುಮ್ನೆ ಕಲಕಲು ಅಲ್ಲ. ಅದು ಎಣ್ಣೆಯ ಮೇಲ್ಮೈಯಲ್ಲಿ ಸುಳಿ ಎಬ್ಬಿಸಿ, ಮೇಲೆ ತುಂಬಿರುವ ಹೈಡ್ರೋಜನ್ನನ್ನು ಎಣ್ಣೆಯೊಳಗೆ ಎಳೆಯಬೇಕು. ಕೆಳಗಿನ ರಿಂಗಿನಿಂದ ಗುಳ್ಳೆಯಾಗಿ ಬಂದ ಗ್ಯಾಸ್ ಒಂದೇ ಸಲ ಮೇಲೇರಿ ತಪ್ಪಿಸಿಕೊಂಡರೆ ಮತ್ತೆ ಕೆಳಗೆ ತರುವವರು ಯಾರು? ಆ ಇಂಪೆಲ್ಲರ್ರೇ. ಈಗ ಲೆಕ್ಕ ಮಾಡು: ವನಸ್ಪತಿಯ ಕಾಲದಲ್ಲಿ 4 ಟನ್ ಹತ್ತಿಬೀಜದ ಎಣ್ಣೆ ಅಂತ ಇಟ್ಟುಕೊಂಡರೆ ಆ ವೆಸೆಲ್‌ನಲ್ಲಿ ಮಟ್ಟ ಸುಮಾರು 2.4 ಮೀಟರ್. ನಿನ್ನ 5 ಟನ್ ಹರಳೆಣ್ಣೆಗೆ 2.8. ಇಂಪೆಲ್ಲರ್ 40 ಸೆಂಟಿಮೀಟರ್ ಜಾಸ್ತಿ ಮುಳುಗಿದೆ. ಮೇಲೆ ಸುಳಿಯೇ ಏಳುತ್ತಿಲ್ಲ. ಕಡೆಗೋಲನ್ನು ಗಡಿಗೆಯ ತಳಕ್ಕೆ ಒತ್ತಿಹಿಡಿದು ಕಡೆದರೆ ನೊರೆ ಬರುತ್ತಾ?

ಸುಳಿಗಾಳಿ

ಸರ್ ಹೇಳಿದ್ದು ಹೌದೋ ಅಲ್ಲವೋ ಅಂತ ಐದೇ ನಿಮಿಷದಲ್ಲಿ ನೋಡಬಹುದು. ಬಿಸಿ ಆದ ಮೇಲೆ, ಹೈಡ್ರೋಜನ್ ಬಿಡುವ ಮುಂಚೆ ಮೋಟಾರ್ ಆಂಪ್ಸ್ ಬರೆದುಕೋ. ಬಿಟ್ಟ ಮೇಲೆ ಮತ್ತೆ ನೋಡು. ಇಂಪೆಲ್ಲರ್ ಗ್ಯಾಸ್ ಎಳೆದುಕೊಳ್ಳುತ್ತಿದ್ದರೆ ಎಣ್ಣೆ ಹಗುರಾಗಿ ಆಂಪ್ಸ್ ಕಾಣುವಷ್ಟು ಇಳಿಯುತ್ತದೆ. ಒಂದು ಪಾಯಿಂಟೂ ಅಲ್ಲಾಡದಿದ್ದರೆ ಗ್ಯಾಸ್ ಒಳಗೆ ಹೋಗುತ್ತಲೇ ಇಲ್ಲ. ಬ್ಯಾಫಲ್‌ಗಳು (ಒಳಗೋಡೆಗೆ ನಿಲ್ಲಿಸಿರುವ ಪಟ್ಟಿಗಳು) ಮೇಲ್ಮೈವರೆಗೂ ಇವೆಯಾ ಅದನ್ನೂ ನೋಡು. ಇದ್ದರೆ ಅವೂ ಸುಳಿಯನ್ನು ಕೊಲ್ಲುತ್ತವೆ.

ಗ್ಯಾಸ್ ಎಳೆಯುವ ಇಂಪೆಲ್ಲರ್ ಬಗ್ಗೆ ನಮ್ಮ ದೇಶದಲ್ಲೇ ಒಳ್ಳೆ ಕೆಲಸ ಆಗಿದೆ. ಮುಂಬೈ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವಾಗಿದ್ದ ಯುಡಿಸಿಟಿಯಲ್ಲಿ ಎಂ.ಎಂ. ಶರ್ಮಾ, ಜೆ.ಬಿ. ಜೋಶಿ ಅವರು 1970ರ ದಶಕದಲ್ಲೇ ಇದನ್ನು ಅಳೆದು ಬರೆದಿದ್ದಾರೆ. ಮುಳುಗಿದ ಆಳ ಜಾಸ್ತಿ ಆದಷ್ಟೂ ಗ್ಯಾಸ್ ಎಳೆಯಲು ಬೇಕಾದ ವೇಗ ಏರುತ್ತದೆ.

ತುಂಗಾತೀರ

ಇದು ಮೊದಲ ಮೂರು ಗಂಟೆಗೆ ಉತ್ತರ. ಕೊನೆಯ ನಾಲ್ಕು ಗಂಟೆಗೆ ಸಾಲದು. 32ರಿಂದ 3ಕ್ಕೆ ಬರಲು ಇಷ್ಟು ಹೊತ್ತು ಬೇಕಿಲ್ಲ. ಗೇಜ್ 5ರಲ್ಲೇ ನಿಂತಿದೆ ಅಂದೆ. ಗೇಜ್ ಒಟ್ಟು ಪ್ರೆಶರ್ ತೋರಿಸುತ್ತದೆ, ಅದರಲ್ಲಿ ಹೈಡ್ರೋಜನ್ ಎಷ್ಟು ಅಂತ ಹೇಳಲ್ಲ. ನೈಟ್ರೋಜನ್ ಪರ್ಜ್ (ಗಾಳಿ ಹೊರಹಾಕಲು ನೈಟ್ರೋಜನ್ ಹಾಯಿಸುವುದು) ಆದ ಮೇಲೆ ಆ ನೈಟ್ರೋಜನ್ನನ್ನು ವ್ಯಾಕ್ಯೂಮ್‌ನಿಂದ ಎಳೆದು ತೆಗೆಯುತ್ತೀರಾ? ಹೈಡ್ರೋಜನ್ ಶುದ್ಧತೆ ಎಷ್ಟು? ಬ್ಯಾಚ್ ಮಧ್ಯೆ ಮೇಲಿನ ಗ್ಯಾಸ್ ಹೊರಗೆ ಬಿಡುತ್ತೀರಾ?

ಔಡಲಹುಡುಗ

ಪರ್ಜ್ ಆದ ಮೇಲೆ ನೇರ ಹೈಡ್ರೋಜನ್ ಬಿಡುತ್ತೇವೆ. ಸಪ್ಲೈಯರ್ ಸರ್ಟಿಫಿಕೇಟ್‌ನಲ್ಲಿ 99% ಅಂತಿದೆ. ಮಧ್ಯೆ ಬಿಡೋದಿಲ್ಲ, ಹೈಡ್ರೋಜನ್ ವೇಸ್ಟ್ ಆಗುತ್ತೆ ಅಂತ.

ತುಂಗಾತೀರ

ಹಾಗಾದರೆ ನೋಡು. ಶುರುವಿನಲ್ಲೇ ವೆಸೆಲ್ ತುಂಬ ಒಂದು ಬಾರ್ ನೈಟ್ರೋಜನ್ ಇದೆ. 362 ಘನ ಮೀಟರ್ ಒಳಗೆ ಹೋಗುವಾಗ ಅದರ ಜೊತೆ 1% ಬೇರೆ ಗ್ಯಾಸ್, ಅಂದರೆ 3.6 ಘನ ಮೀಟರ್, ಬಂದು ಸೇರುತ್ತದೆ. ಹೈಡ್ರೋಜನ್ ಖರ್ಚಾಗುತ್ತದೆ, ಇದು ಖರ್ಚಾಗುವುದಿಲ್ಲ. ನಿನ್ನ ವೆಸೆಲ್‌ನ ಮೇಲಿನ ಜಾಗ 2.3 ಘನ ಮೀಟರ್. 140 ಡಿಗ್ರಿಯಲ್ಲಿ, ಗೇಜ್ 5 ಇದ್ದಾಗ ಅಲ್ಲಿ ಹಿಡಿಯುವುದೇ (ಸಾಮಾನ್ಯ ಒತ್ತಡಕ್ಕೆ ತಂದು ಲೆಕ್ಕ ಹಾಕಿದರೆ) ಸುಮಾರು 9 ಘನ ಮೀಟರ್ ಗ್ಯಾಸ್. ಕೊನೆಗೆ ಅದರಲ್ಲಿ 5ರಷ್ಟು ನೈಟ್ರೋಜನ್ ಮತ್ತಿತರ ಕಸ. ಅರ್ಧಕ್ಕಿಂತ ಜಾಸ್ತಿ! ಗೇಜ್ 5 ತೋರಿಸಿದರೂ ಎಣ್ಣೆಗೆ ಕಾಣುವ ಹೈಡ್ರೋಜನ್ ಅರ್ಧವೂ ಇಲ್ಲ.

ಕಾಫಿತೋಟ

ಓಹ್. ನನ್ನ ಊಹೆ ತಪ್ಪಾಯಿತು, ಆದರೆ ಕಲಿತ ಹಾಗಾಯಿತು.

ಹಳೇಪ್ಲಾಂಟ್

ಹಾಗಾದರೆ ಬ್ಯಾಚ್ ಮಧ್ಯೆ ಬ್ಲೀಡ್ ಮಾಡಬೇಕು, ಅಂದರೆ ಮೇಲಿನ ಗ್ಯಾಸನ್ನು ಸ್ವಲ್ಪ ಹೊರಗೆ ಬಿಡಬೇಕು. ಆದರೆ ಜೋಪಾನ. ಹೈಡ್ರೋಜನ್ ಗಾಳಿಯಲ್ಲಿ 4%ರಿಂದ 75%ವರೆಗೂ ಹೊತ್ತಿಕೊಳ್ಳುತ್ತದೆ, ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣಲ್ಲ. ವೆಂಟ್ ಪೈಪು ಚಾವಣಿ ಮೇಲೆ ಎತ್ತರಕ್ಕೆ ಇರಬೇಕು, ಬೆಂಕಿ ಪೈಪಿನೊಳಗೆ ಹಿಂದಕ್ಕೆ ಬರದಂತೆ ತಡೆಯುವ ಫ್ಲೇಮ್ ಅರೆಸ್ಟರ್ ಇರಬೇಕು. ಶೆಡ್ ಒಳಗೆ ಎಂದಿಗೂ ಬಿಡಬೇಡ.

ಇನ್ನೊಂದು. ಫಿಲ್ಟರ್ ಪ್ರೆಸ್‌ನ ನಿಕಲ್ ಕೇಕ್ ಒಣಗಲು ಬಿಡಬೇಡ. ನಾನಿದ್ದ ಕಡೆ ಒಮ್ಮೆ ರಾತ್ರಿ ಪಾಳಿಯಲ್ಲಿ ಗೋಣಿಚೀಲಕ್ಕೆ ತುಂಬಿ ಗೋಡೆಗೆ ಒರಗಿಸಿಟ್ಟಿದ್ದರು. ಬೆಳಗಿನ ಜಾವ ತಾನಾಗೇ ಹೊತ್ತಿಕೊಂಡಿತು. ಪಕ್ಕದಲ್ಲಿ ಮಲಗಿದ್ದ ಹುಡುಗನ ಕಾಲು ಸುಟ್ಟಿತು. ಅವನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಎಣ್ಣೆ ಇರುವಾಗಲೇ ಮುಚ್ಚಳದ ಡ್ರಮ್ಮಿಗೆ ಹಾಕಿಸು.

ಲೂಪ್‌ಪ್ರಿಯ

ಒಂದು ಎಚ್ಚರಿಕೆ ನನ್ನದೂ ಇದೆ. ಗ್ಯಾಸ್ ಸರಿಯಾಗಿ ಕರಗಲು ಶುರುವಾದರೆ ಬಿಸಿಯೂ ಬೇಗ ಬರುತ್ತದೆ. ಅಯೋಡಿನ್ ವ್ಯಾಲ್ಯೂ ಒಂದು ಇಳಿದರೆ ಎಣ್ಣೆ 1.7 ಡಿಗ್ರಿ ಆಸುಪಾಸು ಏರುತ್ತದೆ. ಕೂಲಿಂಗ್ ಇಲ್ಲದಿದ್ದರೆ 82ಕ್ಕೆ 140 ಡಿಗ್ರಿ ಏರಿಕೆ! ಏಳು ಗಂಟೆಯಲ್ಲಿ ಬರುತ್ತಿದ್ದ ಬಿಸಿ ಮೂರು ಗಂಟೆಯಲ್ಲಿ ಬಂದರೆ ಕಾಯಿಲ್ ತಡೆಯುತ್ತದಾ ಅಂತ ಮೊದಲೇ ನೋಡಿ. ತಡೆಯದಿದ್ದರೆ ಮೊದಲ ಗಂಟೆ 3 ಬಾರ್‌ನಲ್ಲಿ ಓಡಿಸಿ.

ಸುಳಿಗಾಳಿ

ಇದು ಮುಖ್ಯ. ಹಳೇ ಕಾಯಿಲ್ ಒಳಗೆ ಉಪ್ಪು ಕಟ್ಟಿರುತ್ತದೆ.

ಔಡಲಹುಡುಗ

ಹತ್ತು ದಿನ ಆಯಿತು, ಕ್ಷಮಿಸಿ. ಮಾಲೀಕರನ್ನು ಒಪ್ಪಿಸಲು ನಾಲ್ಕು ದಿನ ಹಿಡಿಯಿತು.

ಮೊದಲು 5 ಟನ್ನಿನಲ್ಲೇ ಆಂಪ್ಸ್ ನೋಡಿದೆ. ಹೈಡ್ರೋಜನ್ ಬಿಡುವ ಮುಂಚೆ 24, ಬಿಟ್ಟ ಮೇಲೂ 24. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಇಷ್ಟು ದಿನ ಇದು ಕಣ್ಣ ಮುಂದೆಯೇ ಇತ್ತಲ್ಲ ಅಂತ. ಆಮೇಲೆ ಮಟ್ಟ ಲೆಕ್ಕ ಹಾಕಿ 4.2 ಟನ್ ಚಾರ್ಜ್ ಮಾಡಿದೆವು. ಕಾಯಿಲ್ ತೊಳೆಸಿದೆವು. ನೈಟ್ರೋಜನ್ ಪರ್ಜ್ ಆದ ಮೇಲೆ ವ್ಯಾಕ್ಯೂಮ್ ಎಳೆದು ಹೈಡ್ರೋಜನ್ ಬಿಟ್ಟೆವು. ಆಂಪ್ಸ್ 23ರಿಂದ 18ಕ್ಕೆ ಇಳಿಯಿತು! ಮೊದಲ ಮುಕ್ಕಾಲು ಗಂಟೆ 3 ಬಾರ್, ಆಮೇಲೆ 5. ಎರಡು ಸಲ ಬ್ಲೀಡ್ ಮಾಡಿದೆವು, ಪೈಪ್ ಚಾವಣಿ ಮೇಲೆ ಏರಿಸಿದ ಮೇಲೆಯೇ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅಯೋಡಿನ್ 2.8, ಹೈಡ್ರಾಕ್ಸಿಲ್ 156. ಕ್ಯಾಟಲಿಸ್ಟ್ ಅಷ್ಟೇ, 0.2%.

ಬ್ಯಾಚ್ ಚಿಕ್ಕದಾದರೂ ದಿನದ ಲೆಕ್ಕದಲ್ಲಿ ಉತ್ಪಾದನೆ ಜಾಸ್ತಿಯೇ ಆಗುತ್ತಿದೆ. ಮಾಲೀಕರು ಈಗ 5 ಟನ್ನಿನ ಮಾತು ಎತ್ತುತ್ತಿಲ್ಲ, ಬದಲಿಗೆ ಮೇಲಿನ ಇಂಪೆಲ್ಲರ್ 40 ಸೆಂಟಿಮೀಟರ್ ಎತ್ತಿಬಿಡೋಣ ಅಂತಿದ್ದಾರೆ. ಎತ್ತಬಹುದಾ?

ಕೆಮಿಸ್ಟಕ್ಕ

156! ಶಭಾಷ್ ತಮ್ಮಾ. ಮುಂದಿನ ಐದಾರು ಬ್ಯಾಚ್ ಬಿಡದೆ ಗಂಟೆ ಸ್ಯಾಂಪಲ್ ತೆಗಿ, ಒಂದೇ ಬ್ಯಾಚ್ ನಂಬಬೇಡ.

ಸುಳಿಗಾಳಿ

ಎತ್ತಬಹುದು, ಆದರೆ ಆತುರ ಬೇಡ. ಮೇಲ್ಮೈ ಹತ್ತಿರ ಬಂದಷ್ಟೂ ಇಂಪೆಲ್ಲರ್ ಮೇಲಿನ ಹೊಡೆತ ಏರಿಳಿಯುತ್ತದೆ, ಅದು ಶಾಫ್ಟಿಗೂ ಸೀಲಿಗೂ ಹೋಗುತ್ತದೆ. ಹೈಡ್ರೋಜನ್ ವೆಸೆಲ್‌ನ ಸೀಲು ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಶಾಫ್ಟ್ ಡ್ರಾಯಿಂಗ್, ಗೇರ್‌ಬಾಕ್ಸ್ ಪ್ಲೇಟಿನ ಫೋಟೊ ಹಾಕು. ಭಾನುವಾರ ಕೂತು ಲೆಕ್ಕ ಮಾಡಿಕೊಡುತ್ತೇನೆ. ಅಲ್ಲಿಯವರೆಗೆ 4.2 ಟನ್ನಿನಲ್ಲೇ ಓಡಿಸು.

ಔಡಲಹುಡುಗ

ನಾಳೆ ಬೆಳಗ್ಗೆ ಹಾಕುತ್ತೇನೆ ಸರ್.